ಹೊಸ ಶಾಲೆಗೆ ಹೋದ ದೊಡ್ಡ ಹುಡುಗ

ಕಳೆದ ವರ್ಷದ ಜೂನ್ ತಿಂಗಳಲ್ಲಿ ನನ್ನ ಅಳಿಯನಿಗೆ ಮಾನ್ವಿಯಿಂದ ರಾಯಚೂರಿಗೆ ವರ್ಗಾವಣೆಯಾಯಿತು. ಒಂಬತ್ತು ವರ್ಷದ ಮೊಮ್ಮಗನನ್ನು ನನ್ನ ಮಗಳು ಇಲ್ಲಿಯ ಮಾಂಟೆಸರಿ ಪದ್ಧತಿಯ ಒಂದು ಚಿಕ್ಕ ಶಾಲೆಗೆ ಸೇರಿಸಿದಳು. ದೇವದುರ್ಗ, ಮಾನ್ವಿ ತಾಲ್ಲೂಕುಗಳ ಶಾಲೆಗಳಲ್ಲಿ ಮೂವತ್ತು ವರ್ಷ ಸೀಮೆಸುಣ್ಣ ಹಿಡಿದು ಸವೆದ ನನಗೆ ಈ ಏರ್ಪಾಡು ರುಚಿಸಲಿಲ್ಲ. ಆ ಪದ್ಧತಿಯು ತೊದಲು ಮಾತಿನ ಶಿಶುಗಳಿಗೆ ತಕ್ಕದ್ದೇ ಹೊರತು, ನಾಲ್ಕನೆಯ ತರಗತಿಗೆ ಬಂದ ಹುಡುಗನಿಗೆ ಅಲ್ಲೇನು ಕೆಲಸವೆಂಬದು ನನ್ನ ಎಣಿಕೆ. ಆ ಎಣಿಕೆ ಎಲ್ಲಿ ತಪ್ಪಿತೆಂಬದನ್ನು ಈ ತಿಂಗಳು ವಾಚಕ ಮಹಾಶಯರಲ್ಲಿ, ವಿಶೇಷವಾಗಿ ತಾಯಂದಿರಲ್ಲಿ, ಅರಿಕೆ ಮಾಡಿಕೊಳ್ಳುವೆನು.

ಮೊದಲ ವಾರ ಹುಡುಗನು ನನ್ನ ಬಳಿಗೆ ಬಂದು, “ತಾತಾ, ಅಲ್ಲಿ ಏನು ಮಾಡಬೇಕಂತ ಯಾರೂ ಹೇಳಂಗಿಲ್ಲ” ಎಂದು ಕಣ್ಣಲ್ಲಿ ನೀರು ತಂದನು. ನೀರು ಕುಡಿಯಲು ಸಹ ಅಪ್ಪಣೆ ಬೇಡುತ್ತಿದ್ದನಂತೆ. ಒಂದು ಕೆಲಸ ಮುಗಿದರೆ ಕೈಕಟ್ಟಿ ಕೂಡ್ರುವನು. ಒಂದು ಉತ್ತರ ಬರೆದರೆ ಸರಿಯೋ ತಪ್ಪೋ ಎಂದು ಶಿಕ್ಷಕಿಯ ಮುಖ ನೋಡುವನು. ಎರಡನೆಯ ತಿಂಗಳು ಇದಕ್ಕೆ ತೀರ ವಿರುದ್ಧವಾಗಿ, ಹಗ್ಗ ಬಿಚ್ಚಿದ ಕರುವಿನಂತೆ ಕೋಣೆಯ ತುಂಬ ಅಲೆದು ಚಿಕ್ಕ ಮಕ್ಕಳ ಕೆಲಸ ಕೆಡಿಸತೊಡಗಿದನು. ದಸರೆಯೊಳಗೆ ಬೇರೆ ಶಾಲೆ ನೋಡುವದೇ ಲೇಸೆಂದು ಅಳಿಯನು ಹೇಳಿದನು. ನಾನಾದರೋ ಅದಕ್ಕಿಂತ ಹೀನವಾದ ಕೆಲಸವನ್ನು ಮಾಡಿದೆನು. ಮಗಳಿಗೆ ತಿಳಿಯದಂತೆ ದಿನಾಲು ಸಂಜೆ ಹುಡುಗನನ್ನು ಅಟ್ಟದ ಕೋಣೆಗೆ ಕರೆದು ಉಕ್ತಲೇಖನ, ಮಗ್ಗಿ, ಭಾಗಾಕಾರಗಳನ್ನು ಮಾಡಿಸಿ ಗುಣಗಳನ್ನು ಹಾಕುತ್ತಿದ್ದೆನು. ಹಗಲಲ್ಲಿ ಒಂದು ಧರ್ಮ, ಇರುಳಲ್ಲಿ ಒಂದು ಧರ್ಮ! ಹುಡುಗನು ಇಬ್ಬರಿಗೂ ಸುಳ್ಳು ಹೇಳಲು ಕಲಿತನು. ಒಂದು ದಿನ ನನ್ನ ಗುಣಗಳ ಪುಸ್ತಕದಲ್ಲಿ ತಾನೇ ಒಂದು ಅಂಕಿಯನ್ನು ತಿದ್ದಿದ್ದನ್ನು ಕಂಡಾಗ ನನಗೆ ಎಚ್ಚರವಾಯಿತು.

ಈ ದಾರಿಯಲ್ಲಿ ನಮಗಿಂತ ಮೊದಲೇ ನಡೆದವರು ಗುಜರಾತದ ಗಿಜುಭಾಯಿ ಬಧೇಕಾ ಅವರು. ವಕೀಲಿಯನ್ನು ಬಿಟ್ಟು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದವರು. ಅವರ ‘ದಿವಾಸ್ವಪ್ನ’ವೆಂಬ ಪುಸ್ತಕದಲ್ಲಿ ಒಬ್ಬ ಶಿಕ್ಷಕನು ಸಾಮಾನ್ಯ ಶಾಲೆಯ ನಾಲ್ಕನೆಯ ತರಗತಿಯನ್ನೇ ಒಂದು ವರ್ಷ ಹೊಸ ಕ್ರಮದಲ್ಲಿ ನಡೆಸಲು ಕೈಕೊಳ್ಳುವನು. ಮೊದಲು ಶಿಶುಗಳ ಮೌನದ ಆಟವನ್ನು ಆಡಿಸಲು ಹೋಗಿ, ಹುಡುಗರ ಗದ್ದಲಕ್ಕೆ ಸಿಕ್ಕಿ ಪೆಚ್ಚಾಗುವನು. ಕಥೆ ಹೇಳತೊಡಗಿದೊಡನೆ ಅದೇ ಹುಡುಗರು ಬಾಯಿ ಮುಚ್ಚಿ ಕಿವಿ ತೆರೆಯುವರು. ದೊಡ್ಡ ಮಗುವಿಗೆ ಚಿಕ್ಕ ಮಗುವಿನ ಸಾಮಗ್ರಿ ಸಲ್ಲದು.

ಮಾರಿಯಾ ಮಾಂಟೆಸರಿ ಅವರು 1907ರಲ್ಲಿ ರೋಮ್ ನಗರದ ಬಡವರ ಕೇರಿಯಲ್ಲಿ ಆರಂಭಿಸಿದ್ದು ಶಿಶುಗಳ ಮನೆಯನ್ನೇ, ದಿಟ. ಆದರೆ 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು, ಮಹಾಯುದ್ಧದ ದೆಸೆಯಿಂದ 1946ರ ವರೆಗೆ ಭಾರತದಲ್ಲಿಯೇ ನಿಂತಾಗ, ಕೊಡೈಕೆನಾಲಿನಲ್ಲಿ ಅವರು 6ರಿಂದ 12 ವರ್ಷದ ಮಕ್ಕಳ ಶಿಕ್ಷಣಕ್ರಮವನ್ನು ಬೆಳೆಯಿಸಿದರು. (ನೆರೆಯ ಬೆಟ್ಟದಲ್ಲಿ ಬೆಳೆದದ್ದನ್ನು ನಾನು ಇಡಿಯಾಗಿ ಇಟಲಿಯದೆಂದೇ ತಿಳಿದಿದ್ದೆನು!) ಆರರ ಒಳಗಿನ ಮಗುವು ಮುಟ್ಟಿ ಅರಿಯುವದು, ಆರು ದಾಟಿದ್ದು ಕಾರಣವನ್ನು ಕೇಳುವದು, ಕಾಣದ್ದನ್ನು ಕಲ್ಪಿಸುವದು, ಓರಗೆಯವರ ಗುಂಪನ್ನು ಬಯಸುವದು. ಆದ್ದರಿಂದ ಅದಕ್ಕೆ ಭೂಮಿಯ ಹುಟ್ಟು, ಲಿಪಿಯ ಹುಟ್ಟು, ಅಂಕಿಗಳ ಹುಟ್ಟು ಇಂಥ ದೊಡ್ಡ ಕಥೆಗಳೇ ಪಾಠದ ಬಾಗಿಲು.

ನನ್ನ ಮನಸ್ಸು ತಿರುಗಿದ್ದು ಒಂದು ವ್ಯವಕಲನದಿಂದ. ಶಿಕ್ಷಕಿಯರು ನನ್ನನ್ನೂ ಕರೆದು ಕೂಡ್ರಿಸಿದ್ದರು. 302ರಲ್ಲಿ 147ನ್ನು ಕಳೆಯಲು ಹುಡುಗನಿಗೆ ಮೊದಲೇ ಬರುತ್ತಿತ್ತು: ಪಕ್ಕದ ಮನೆಯಿಂದ ಸಾಲ ತರುವದು. ಪಕ್ಕದ ಮನೆಯಲ್ಲಿ ಸೊನ್ನೆಯೇ ಇರುವಾಗ ಸಾಲ ಕೊಟ್ಟವರಾರು ಎಂದು ಅವರು ಕೇಳಿದರು. ಹುಡುಗನು ನನ್ನ ಕಡೆ ನೋಡಿದನು. ನಾನು ನೆಲವನ್ನು ನೋಡಿದೆನು. ಆಮೇಲೆ ಅವರು ಹೊನ್ನಿನ ಬಣ್ಣದ ಮಣಿಗಳನ್ನು ತಂದರು. ಬಿಡಿಮಣಿ ಒಂದು, ತಂತಿಗೆ ಪೋಣಿಸಿದ ಹತ್ತು ಮಣಿ ದಶಕ, ಅಂಥ ಹತ್ತು ತಂತಿಗಳನ್ನು ಕಟ್ಟಿದ ಚೌಕ ಶತಕ. ಹುಡುಗನು ಒಂದು ಚೌಕವನ್ನು ಕೊಟ್ಟು ಹತ್ತು ತಂತಿ ಪಡೆದನು. ಒಂದು ತಂತಿಯನ್ನು ಮುರಿಸಿ ಹತ್ತು ಬಿಡಿಮಣಿ ಪಡೆದನು. 155 ಉಳಿಯಿತು. “ಸಾಲ ಅಲ್ಲ ತಾತಾ, ಚಿಲ್ಲರೆ!” ಎಂದು ಕೂಗಿದನು. ಮೂವತ್ತು ವರ್ಷ ಸಾಲವೆಂದೇ ಹೇಳಿಕೊಟ್ಟವನು ನಾನು. ಆದರೂ ಮಗ್ಗಿಯ ಕಂಠಪಾಠವನ್ನು ನಾನು ಹಳಿಯಲೊಲ್ಲೆ. ಅರ್ಥವರಿಯದೆ ಅಮರಕೋಶವನ್ನು ಬಾಯಿಗೆ ಹಾಕಿಕೊಂಡವನಿಗೆ ಅದರ ಉಪಕಾರ ಗೊತ್ತು. ಹುಡುಗನ ಮಗ್ಗಿಯೂ ಅಲ್ಲಿ ವ್ಯರ್ಥವಾಗಲಿಲ್ಲ.

ಶಿಕ್ಷಕಿಯರು ಅವನಿಗೆ ಒಮ್ಮೆಗೇ ಪೂರ್ಣ ಸ್ವಾತಂತ್ರ್ಯವನ್ನು ಕೊಡಲಿಲ್ಲ. ಮೊದಲು ಎರಡೇ ಕೆಲಸಗಳನ್ನು ಮುಂದಿಟ್ಟು ಒಂದನ್ನು ಆರಿಸೆಂದರು. ದಿನದ ಕೆಲಸವನ್ನು ಅವನೇ ಒಂದು ವಹಿಯಲ್ಲಿ ಬರೆದು, ವಾರಕ್ಕೊಮ್ಮೆ ಅವರೊಡನೆ ಕುಳಿತು ಓದಬೇಕು. ಮನೆಯಲ್ಲಿ ನಾವು ಮಾಡಿದ್ದು ಇಷ್ಟೇ: ಸಂಜೆಯ ಗುಪ್ತಪಾಠವನ್ನು ನಿಲ್ಲಿಸಿದೆವು, ಎಷ್ಟು ಗುಣ ಬಂದವೆಂಬ ಪ್ರಶ್ನೆಯನ್ನು ಕೈಬಿಟ್ಟೆವು, ಕಾಯಿಪಲ್ಲೆಯ ಸಂತೆ ಮತ್ತು ಅದರ ಲೆಕ್ಕವನ್ನು ಅವನಿಗೇ ಒಪ್ಪಿಸಿದೆವು. ಮೊದಲ ವಾರ ಹನ್ನೆರಡು ರೂಪಾಯಿ ಲೆಕ್ಕಕ್ಕೆ ಸಿಗಲಿಲ್ಲ. ಯಾರೂ ಬೈಯಲಿಲ್ಲ. ಹುಡುಗನು ನೆಲೆನಿಲ್ಲಲು ದೀಪಾವಳಿ ದಾಟಿತು.

ಎರಡು ಎಚ್ಚರಿಕೆಗಳು. ಹಲಗೆಯ ಮೇಲೆ ಮಾಂಟೆಸರಿ ಎಂದು ಬರೆಯಲು ಯಾರ ಅಪ್ಪಣೆಯೂ ಬೇಕಿಲ್ಲ; ಒಳಗೆ ಹೋಗಿ ಒಂದು ಮುಂಜಾನೆ ಕುಳಿತು ನೋಡಿರಿ. ಬೇರೆ ಬೇರೆ ವಯಸ್ಸಿನ ಮಕ್ಕಳು ಕೂಡಿ, ಮೂರು ತಾಸು ಗಂಟೆಯ ಅಡ್ಡಿಯಿಲ್ಲದೆ ಕೆಲಸ ಮಾಡುವದು ಕಾಣದಿದ್ದರೆ ಮರಳಿ ಬನ್ನಿರಿ. ಎರಡನೆಯದು, ಎಸ್.ಎಸ್.ಎಲ್.ಸಿ. ಪರೀಕ್ಷೆಯ ಹೊಸ್ತಿಲಲ್ಲಿರುವ ಮಗುವನ್ನು ಹೊಸತನದ ಆಸೆಯಿಂದ ಎತ್ತಿ ಹಾಕಬೇಡಿರಿ.

ದೇವದುರ್ಗದ ಹಳ್ಳಿಯ ತಾಯಿಯು, ತಮ್ಮೂರಲ್ಲಿ ಇಂಥ ಶಾಲೆ ಎಲ್ಲಿದೆಯೆಂದು ಕೇಳುವದು ನ್ಯಾಯವೇ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಮೊದಲಾಗಿ ಸರಕಾರಿ ಶಾಲೆಗಳಿಗೆ ಹರಡಿದ ನಲಿ-ಕಲಿಯು ಇದಕ್ಕೆ ದಾಯಾದಿಯಂತಿದೆ. ಮೊದಲ ಮೂರು ತರಗತಿಯ ಮಕ್ಕಳು ಒಟ್ಟಿಗೆ ಕುಳಿತು ತಮ್ಮ ತಮ್ಮ ಮೆಟ್ಟಿಲು ಏರುವರು. ನಾಲ್ಕಕ್ಕೆ ಬಂದೊಡನೆ ಅವರು ಸಾಲಿನಲ್ಲಿ ಕೂಡ್ರಬೇಕು. ನನ್ನ ಮೊಮ್ಮಗನ ದಾರಿಯನ್ನೇ ಆ ಮಕ್ಕಳು ತಿರುವುಮುರುವಾಗಿ ನಡೆಯುವರು. ಆ ವರ್ಷ ಅವರಿಗೂ ಇಷ್ಟೇ ತಾಳ್ಮೆ ಸಲ್ಲಬೇಕು.

ಮೊನ್ನೆ ಹುಡುಗನು ನಕಾಶೆಯನ್ನು ಹರವಿಕೊಂಡು, ಒಂದೇ ಜಿಲ್ಲೆಯ ಮಾನ್ವಿಗೆ ತುಂಗಭದ್ರೆಯ ಕಾಲುವೆ, ದೇವದುರ್ಗಕ್ಕೆ ಕೃಷ್ಣೆಯ ಕಾಲುವೆ ಏಕೆಂದು ಕೇಳಿದನು. ನನಗೆ ತೋಚಿದಷ್ಟು ಹೇಳಿದೆನು, ಅವನಿಗೆ ಸಾಲಲಿಲ್ಲ. ಬರುವ ರವಿವಾರ ನಾವಿಬ್ಬರೂ ನಾರಾಯಣಪುರದ ಅಣೆಕಟ್ಟಿಗೆ ಹೊರಟಿದ್ದೇವೆ. ಬಸ್ಸಿನ ವೇಳೆಯನ್ನು ಅವನೇ ನಿಲ್ದಾಣಕ್ಕೆ ಹೋಗಿ ವಿಚಾರಿಸಿಕೊಂಡು ಬಂದಿದ್ದಾನೆ.