ಬೇಡುವ ಮಕ್ಕಳೂ ನಮ್ಮ ಗೃಹಸ್ಥರೂ

ಹೋದ ತಿಂಗಳು ನಮ್ಮ ಸಂಘದ ಗೋಷ್ಠಿಯಲ್ಲಿ ಮಿತ್ರರೊಬ್ಬರು, ಮಹಾನಗರದ ಬೀದಿಗಳಲ್ಲಿ ಬೇಡುವ ಮಕ್ಕಳಿಗೆ ಬಿಡಿಗಾಸನ್ನೂ ಕೊಡಕೂಡದು, ಕೊಡುವವರಿರುವುದರಿಂದಲೇ ಬೇಡುವವರು ಹುಟ್ಟುತ್ತಾರೆ, ಎಲ್ಲರೂ ಕೈ ಬಿಗಿಹಿಡಿದರೆ ಈ ಪಿಡುಗು ತಾನಾಗಿಯೇ ಅಡಗುವುದು ಎಂದು ಪ್ರತಿಪಾದಿಸಿದರು. ಸಭಿಕರು ಕರತಾಡನ ಮಾಡಿದರು. ಬಳಿಕ ಹಿರಿಯರೊಬ್ಬರು ಎದ್ದು, ಕೈಚಾಚಿದವನಿಗೆ ಇಲ್ಲವೆನ್ನುವುದು ನಮ್ಮ ಧರ್ಮವಲ್ಲ, ಪಾತ್ರಾಪಾತ್ರ ವಿಚಾರ ದೇವರಿಗೆ ಬಿಟ್ಟದ್ದು ಎಂದರು. ಅವರಿಗೂ ಕರತಾಡನ ದೊರೆಯಿತು. ಪರಸ್ಪರ ವಿರುದ್ಧವಾದ ಎರಡು ಮಾತುಗಳನ್ನು ಒಂದೇ ಸಭೆ ಮೆಚ್ಚಿದ್ದನ್ನು ಕಂಡು, ಈ ಎರಡು ಪಕ್ಷಗಳೂ ಒಳಗೆ ಒಂದೇ ಇರಬೇಕೆಂಬ ಸಂದೇಹ ನನಗುಂಟಾಯಿತು. ಮನೆಗೆ ಬಂದು ಯೋಚಿಸಲಾಗಿ ಸಂದೇಹವು ನಿಶ್ಚಯವಾಯಿತು. ಕೊಟ್ಟವನೂ ಕೊಡದವನೂ ಮಗುವನ್ನು ತನ್ನ ಕಣ್ಣೆದುರಿನಿಂದ ಸಾಗಹಾಕುತ್ತಾನೆ. ಒಬ್ಬನಿಗೆ ಅದರಿಂದ ಪುಣ್ಯ ಬಂತು, ಇನ್ನೊಬ್ಬನಿಗೆ ವಿವೇಕಿಯೆಂಬ ಹೆಸರು ಬಂತು. ಮಗುವಿಗೆ ಬಂದದ್ದೇನು?

ಅನ್ಯರನ್ನು ಆಕ್ಷೇಪಿಸುವ ಮೊದಲು ನನ್ನ ತಪ್ಪನ್ನು ಹೇಳಿಕೊಳ್ಳುವುದು ನ್ಯಾಯ. 2016ರ ಚಳಿಗಾಲದಲ್ಲಿ ಕಣ್ಣಿನ ಚಿಕಿತ್ಸೆಗಾಗಿ ಹೈದರಾಬಾದಿಗೆ ಹೋಗಿದ್ದೆನು. ಮರಳುವ ದಿನ ಸಿಕಂದರಾಬಾದ ನಿಲ್ದಾಣದ ಹೊರಗೆ ಎಂಟೊಂಬತ್ತು ವರ್ಷದ ಹುಡುಗನೊಬ್ಬನು ತಂಗಿಯನ್ನು ಸೊಂಟದ ಮೇಲೆ ಹೊತ್ತು, ತೆಲುಗಿನಲ್ಲಿಯೂ ಹಿಂದಿಯಲ್ಲಿಯೂ ಬೇಡುತ್ತ ಬಂದನು. ನನ್ನ ಧೋತರ ಟೋಪಿಗಳನ್ನು ನೋಡಿ ಏನು ಊಹಿಸಿದನೋ, "ಯಜ್ಜಾ, ಹಸಿವಾಗೇದ್ರಿ, ಏನಾರ ಕೊಡ್ರಿ" ಎಂದು ನಮ್ಮ ಸೀಮೆಯ ಮಾತಿನಲ್ಲಿಯೇ ಕೇಳಿದನು. ಯಾವೂರೆಂದೆ. "ಚಿತ್ತಾಪುರ ಕಡೀದ್ರಿ. ನಮ್ಮಪ್ಪ ಗಿಲಾವ್ ಕೆಲಸಕ್ಕ ಹೋಗ್ಯಾನ." ಸಾಲಿಗೆ ಹೋಗುವುದಿಲ್ಲವೇ ಎಂದೆ. "ಮೊದಲ ಹೋಗ್ತಿದ್ದೆರಿ." ನಾನು ಇಪ್ಪತ್ತು ರೂಪಾಯಿಯನ್ನೂ ಒಂದು ಬಿಸ್ಕತ್ತಿನ ಪೊಟ್ಟಣವನ್ನೂ ಕೊಟ್ಟು, ಅದರ ಮೇಲೆ ಚೆನ್ನಾಗಿ ಓದಬೇಕೆಂಬ ಉಪದೇಶವನ್ನೂ ಕೊಟ್ಟು, ಗಾಡಿ ಹತ್ತಿದೆನು. ಉಪಾಧ್ಯಾಯನ ಬಾಯಿಯ ಚಟ ನಿವೃತ್ತಿಯಾದರೂ ಬಿಡದು. ಯಾವ ಹಳ್ಳಿ, ಯಾವ ಶಾಲೆ, ಹೆಸರೇನು ಎಂಬುದೊಂದನ್ನೂ ಕೇಳಲಿಲ್ಲ.

ವಿಕಾರಾಬಾದ ದಾಟಿ, ತಾಂಡೂರು ದಾಟಿ, ಸೇಡಂ ಸಮೀಪಿಸುತ್ತಿರಲು ನನಗೆ ಹಾಜರಿ ಪುಸ್ತಕದ ನೆನಪಾಯಿತು. ಮೂವತ್ತಕ್ಕೂ ಮಿಕ್ಕಿದ ವರ್ಷಗಳ ಸೇವೆಯಲ್ಲಿ ಪ್ರತಿ ವರ್ಷವೂ ತೊಗರಿಯ ರಾಶಿ ಮುಗಿದ ಬಳಿಕ ನಾಲ್ಕಾರು ಹೆಸರುಗಳ ಮುಂದೆ 'ದೀರ್ಘಕಾಲ ಗೈರುಹಾಜರು' ಎಂದು ಕೆಂಪು ಶಾಯಿಯಲ್ಲಿ ಬರೆದವನು ನಾನು. ತಂದೆ ತಾಯಿಗಳು ಪುಣೆಗೋ ಮುಂಬಯಿಗೋ ಹೈದರಾಬಾದಿಗೋ ದುಡಿಯಲು ಹೋದರೆಂದು ಎಲ್ಲರೂ ಬಲ್ಲರು. ಮಗು ಅಲ್ಲಿ ಏನು ಮಾಡುತ್ತಿದೆಯೆಂದು ನಾನು ಒಮ್ಮೆಯೂ ವಿಚಾರಿಸಲಿಲ್ಲ. ಅಕ್ಷರ ಮಾತ್ರ ದುಂಡಾಗಿತ್ತು.

ಮರುವರ್ಷ, ಎಂದರೆ 2017ರ ನವೆಂಬರಿನಲ್ಲಿ, ಹೈದರಾಬಾದಿನಲ್ಲಿ ಉದ್ಯಮಿಗಳ ಜಾಗತಿಕ ಶೃಂಗಸಭೆ ನೆರೆಯಿತು. ಅಮೆರಿಕದ ಅಧ್ಯಕ್ಷರ ಮಗಳು ಇವಾಂಕಾ ಟ್ರಂಪ್ ಅದಕ್ಕೆ ಬರುವವರಿದ್ದರು. ಅದಕ್ಕೆ ಮೊದಲೇ ನಗರದಲ್ಲಿ ಎರಡು ತಿಂಗಳ ಕಾಲ ಭಿಕ್ಷಾಟನೆ ನಿಷಿದ್ಧವೆಂದು ಪೊಲೀಸ್ ಆಜ್ಞೆ ಹೊರಟು, ಹಿಡಿದು ತಂದವರನ್ನು ಚಂಚಲಗೂಡ, ಚರ್ಲಪಲ್ಲಿ ಕಾರಾಗೃಹಗಳ ಆವರಣದಲ್ಲಿದ್ದ ಆಶ್ರಯಗಳಿಗೆ ಒಯ್ದರು. ವರ್ತಮಾನಪತ್ರದಲ್ಲಿ ಇದನ್ನೋದಿದ ದಿನ ತಂಗಿಯನ್ನು ಹೊತ್ತ ಆ ಹುಡುಗನು ಯಾವ ಬೀದಿಗೆ ಓಡಿದನೋ ಎಂದು ಚಿಂತೆಯಾಯಿತು. ಅತಿಥಿಗಳು ಬರುತ್ತಾರೆಂದು ಹರಕು ಚಾಪೆಯನ್ನು ಅಟ್ಟಕ್ಕೆ ಎಸೆಯುವ ಗೃಹಿಣಿಯನ್ನು ಕ್ಷಮಿಸಬಹುದು, ಮಕ್ಕಳು ಚಾಪೆಗಳಲ್ಲ. 2025ರ ಜನವರಿ 1ರಿಂದ ಇಂದೋರಿನ ಆಡಳಿತವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಭಿಕ್ಷೆ ಕೊಡುವವನ ಮೇಲೆಯೇ ಮೊಕದ್ದಮೆ ಹೂಡುವುದಾಗಿ ಸಾರಿತು. ನಮ್ಮ ಮಿತ್ರರ ಮತಕ್ಕೆ ಇಲ್ಲಿ ರಾಜಮುದ್ರೆಯೇ ಬಿದ್ದಿತೆನ್ನಬೇಕು. ಆದರೆ 2021ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಬೇಡುವವರನ್ನು ಬೀದಿಗಳಿಂದ ತೆಗೆಸಬೇಕೆಂಬ ಪ್ರಾರ್ಥನೆಯನ್ನು ಮನ್ನಿಸದೆ, ಗತಿಯಿದ್ದವರು ಯಾರೂ ಬೇಡಲು ಬಯಸುವುದಿಲ್ಲವೆಂಬ ಅಭಿಪ್ರಾಯವನ್ನು ವ್ಯಕ್ತಪಡಿಸಿತೆಂಬುದನ್ನು ಅವರು ಮರೆಯಬಾರದು.

ಈ ಮಕ್ಕಳ ಹಿಂದೆ ದುಷ್ಟರ ಕೂಟಗಳಿವೆ, ನಾವು ಕೊಡುವ ಹಣವೆಲ್ಲ ಅವರ ಕಿಸೆಗೆ ಹೋಗುತ್ತದೆ ಎಂಬುದು ಮಿತ್ರರ ಮುಖ್ಯ ವಾದ. ಕೆಲವೆಡೆ ಹಾಗಿರುವುದು ಸುಳ್ಳಲ್ಲ. ಆದರೆ ಆ ವಾದವು ಅವರ ಪಕ್ಷವನ್ನೇ ಕೆಡಿಸುತ್ತದೆ. ಬಾಲನ್ಯಾಯ ಕಾಯಿದೆಯ (2015) 76ನೆಯ ಪ್ರಕರಣದ ಮೇರೆಗೆ ಮಗುವನ್ನು ಬೇಡಲು ಹಚ್ಚಿದವನಿಗೆ ಐದು ವರ್ಷಗಳವರೆಗೆ ಸೆರೆಯೂ ಒಂದು ಲಕ್ಷ ರೂಪಾಯಿ ದಂಡವೂ ಉಂಟು. ಅದಕ್ಕಾಗಿ ಮಗುವಿನ ಅಂಗವನ್ನು ಊನಗೊಳಿಸಿದವನಿಗೆ ಏಳು ವರ್ಷಗಳಿಗೆ ಕಡಮೆಯಿಲ್ಲದಂತೆ ಹತ್ತು ವರ್ಷಗಳವರೆಗೆ ಸೆರೆ. ಒಂದು ಮಗು ಅಂಥ ಪಾಪಿಯ ವಶದಲ್ಲಿದೆಯೆಂದು ನಿಜವಾಗಿ ನಂಬಿದವನು, ಕಾಸನ್ನು ಉಳಿಸಿಕೊಂಡೆನೆಂಬ ಸಮಾಧಾನದಿಂದ ಮುಂದೆ ನಡೆಯುವುದು ಹೇಗೆ? ನೆರೆಮನೆಗೆ ಕಳ್ಳ ಹೊಕ್ಕುದನ್ನು ಕಂಡು ತನ್ನ ಬಾಗಿಲಿಗೆ ಅಗುಳಿ ಹಾಕಿ ಮಲಗಿದವನನ್ನು ಯಾರೂ ವಿವೇಕಿಯೆನ್ನುವುದಿಲ್ಲ. 1098 ಎಂಬ ನಾಲ್ಕು ಅಂಕೆಗಳ ದೂರವಾಣಿಯೊಂದುಂಟು. 1996ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಈ ವ್ಯವಸ್ಥೆ ದೇಶದಲ್ಲೆಲ್ಲ ಹಬ್ಬಿದೆ. ಕರೆಗೆ ಹಣ ಬೀಳುವುದಿಲ್ಲ. ಬೇಡುತ್ತಿರುವ ಮಗುವನ್ನು ಅದೇ ಕಾಯಿದೆಯು ಅಪರಾಧಿಯೆಂದು ಎಣಿಸದೆ, ಪಾಲನೆ ರಕ್ಷಣೆಗಳು ಬೇಕಾದ ಮಗುವೆಂದು ಎಣಿಸುತ್ತದೆ. ಅಂಥ ಮಗುವನ್ನು ಪ್ರಯಾಣದ ಕಾಲವನ್ನು ಬಿಟ್ಟು 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕು. 2016ರಲ್ಲಿ ನನ್ನ ಜೇಬಿನಲ್ಲಿಯೂ ದೂರವಾಣಿಯಿತ್ತು.

ಇನ್ನು ಧರ್ಮದ ಮಾತನ್ನಾಡಿದ ಹಿರಿಯರಿಗೆ. ಪಾಠಶಾಲೆಯಲ್ಲಿ ಓದುವಾಗ ನಾನು ವಾರಾನ್ನದ ಹುಡುಗನು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ಏಳು ಮನೆಗಳ ಅನ್ನ ನನ್ನ ಮೈಯಲ್ಲಿದೆ. ಅದೂ ಪರರ ಅನ್ನವೇ. ಆದರೆ ಆ ತಾಯಂದಿರು ನನ್ನ ಹೆಸರನ್ನು ಬಲ್ಲರು. ಒಂದು ವಾರ ತಪ್ಪಿದರೆ ಹುಡುಗನಿಗೆ ಜ್ವರವೇನೋ ಎಂದು ಹೇಳಿಕಳುಹಿಸುವರು. ಪಾಠ ಎಲ್ಲಿಗೆ ಬಂತೆಂದು ಯಜಮಾನರು ಕೇಳುವರು. ಸಂಕೇತದೀಪದ ಬಳಿ ಮೋಟಾರಿನ ಗಾಜಿನ ಸಂದಿಯಿಂದ ಬೀಳುವ ನಾಣ್ಯಕ್ಕೂ ಇದಕ್ಕೂ ದಾನವೆಂಬ ಒಂದೇ ಹೆಸರನ್ನಿಡುವುದು ಶಬ್ದಕ್ಕೆ ಮಾಡುವ ಅಪಚಾರ. ನಮ್ಮೂರಿಗೆ ಅಂಟಿಕೊಂಡಿರುವ ನಾಗಾವಿಯ 1058ರ ಶಾಸನವನ್ನು ನೋಡಿರಿ: ಮಧುಸೂದನ ದಂಡನಾಯಕನ ಘಟಿಕೆಯಲ್ಲಿ ವೇದ ಓದುವ 200 ಮಂದಿ, ಶಾಸ್ತ್ರ ಓದುವ 52 ಮಂದಿ, ಅವರಿಗೆ ಅಧ್ಯಾಪಕರು, ಗ್ರಂಥಗಳನ್ನು ಕಾಯಲು ಆರು ಮಂದಿ ಸರಸ್ವತೀ ಭಂಡಾರಿಗರು. ಮಕ್ಕಳಿಗಾಗಿ ಕೊಡುವವನು ಲೆಕ್ಕವಿಟ್ಟು ಕೊಡುತ್ತಿದ್ದನು. (ಆ ಘಟಿಕೆಯಲ್ಲಾಗಲಿ ನನ್ನ ವಾರಾನ್ನದಲ್ಲಾಗಲಿ ಎಲ್ಲ ಕುಲದ ಮಕ್ಕಳಿಗೂ ಎಡೆಯಿರಲಿಲ್ಲವೆಂಬುದನ್ನು ಮುಚ್ಚಿಡಲಾರೆ. ನಿಲ್ದಾಣದ ಆ ಹುಡುಗನನ್ನು ನನ್ನ ಏಳು ಮನೆಗಳಲ್ಲಿ ಎಷ್ಟು ಮನೆಯವರು ಒಳಕ್ಕೆ ಕರೆಯುತ್ತಿದ್ದರೆಂದು ಎಣಿಸಲು ನನಗೆ ಧೈರ್ಯವಿಲ್ಲ.) ತುಮಕೂರಿನ ಸಿದ್ಧಗಂಗಾ ಮಠದಲ್ಲಿ, 2019ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳು ಸಾವಿರಾರು ಮಕ್ಕಳಿಗೆ ಕುಲಭೇದವಿಲ್ಲದೆ ಅನ್ನ, ವಸತಿ, ವಿದ್ಯೆಗಳನ್ನು ಒದಗಿಸಿದರು, ಅದಕ್ಕಾಗಿ ಜೋಳಿಗೆ ಹಿಡಿದವರು ಸ್ವಾಮಿಗಳು, ಮಕ್ಕಳಲ್ಲ.

ನಾವೇನು ಕೊಡುತ್ತಿಲ್ಲವೇ ಎಂದರೆ, ಕೊಡುತ್ತಿದ್ದೇವೆ, ನಮಗೇ ತಿಳಿಯದು. ಕರ್ನಾಟಕದ 1975ರ ಭಿಕ್ಷಾಟನೆ ನಿಷೇಧ ಕಾಯಿದೆಯಂತೆ ಮನೆಯ ತೆರಿಗೆಯೊಡನೆ ನೂರಕ್ಕೆ 3ರಂತೆ ಭಿಕ್ಷುಕರ ಉಪಕರವನ್ನೂ ಪುರಸಭೆ ಎತ್ತುತ್ತದೆ. ರಸೀದಿಯನ್ನು ಕಪಾಟಿನಲ್ಲಿಡುವ ಮೊದಲು ಒಮ್ಮೆ ನೋಡಿರಿ. ಸೊಪ್ಪಿನವಳೊಡನೆ ಎರಡು ರೂಪಾಯಿಗೆ ಕಾಲುಗಂಟೆ ಚೌಕಾಶಿ ಮಾಡುವ ನಾವು ಈ ಹಣ ಎಲ್ಲಿಗೆ ಹೋಯಿತೆಂದು ಪುರಸಭೆಯನ್ನು ಕೇಳಿದ್ದುಂಟೇ?

ಹಸಿದ ಮಗುವಿಗೆ ತಿನ್ನಲು ಕೊಡಬೇಡಿರೆಂದು ನಾನು ಹೇಳಲಾರೆ. ಕೊಟ್ಟು ಅಲ್ಲಿಗೇ ಮುಗಿಯಿತೆನ್ನುವುದನ್ನು ಮಾತ್ರ ಒಪ್ಪಲಾರೆ. ಹೆಸರು ಕೇಳಬೇಕು, ಊರು ಕೇಳಬೇಕು, 1098ಕ್ಕೆ ತಿಳಿಸಬೇಕು, ಯಾರಾದರೂ ಬರುವವರೆಗೆ ನಿಲ್ಲಬೇಕು. ಗಾಡಿ ತಪ್ಪಿದರೆ ಇನ್ನೊಂದು ಗಾಡಿಯುಂಟು. ಆದರೆ ಇದೂ ಕಡೆಯ ಮಾತು. ಮೊದಲ ಮಾತು ನಮ್ಮ ತಾಲೂಕಿನಲ್ಲಿಯೇ ಇದೆ. ವಲಸೆ ಹೋಗುವವರ ಮಕ್ಕಳು ಊರಿನಲ್ಲಿಯೇ ಉಳಿದು ಓದುವಂತೆ ಋತುಮಾನದ ವಸತಿನಿಲಯಗಳನ್ನು ನಡೆಸಲು ಸಮಗ್ರ ಶಿಕ್ಷಣ ಯೋಜನೆಯಲ್ಲಿ ಅವಕಾಶವುಂಟು. ಯಾವ ಹಳ್ಳಿಯಲ್ಲಿ ಎಷ್ಟು ಮಕ್ಕಳಿಗೆ ಅದು ಬೇಕೆಂಬ ಪಟ್ಟಿಯನ್ನು ಯಾರಾದರೂ ಕಾಲಕ್ಕೆ ಸರಿಯಾಗಿ ಕೊಡಬೇಕಲ್ಲವೇ?

ಆದಕಾರಣ ಮುಂದಿನ ಗೋಷ್ಠಿಯಲ್ಲಿ ನಾನೊಂದು ಠರಾವನ್ನು ಮಂಡಿಸುವವನಿದ್ದೇನೆ. ಸಂಘದ ಸದಸ್ಯರು ಇಬ್ಬಿಬ್ಬರಾಗಿ, ತೊಗರಿಯ ರಾಶಿ ಆರಂಭವಾಗುವ ಮೊದಲು, ತಂತಮ್ಮ ಸಮೀಪದ ಶಾಲೆಗಳಿಗೆ ಹೋಗಿ ಮುಖ್ಯೋಪಾಧ್ಯಾಯರೊಡನೆ ಕುಳಿತು, ಹೋದ ವರ್ಷ ಕೆಂಪು ಶಾಯಿ ಬಿದ್ದ ಹೆಸರುಗಳ ಮನೆಗಳಿಗೆ ಹೋಗಿ ವಿಚಾರಿಸಿ, ಪಟ್ಟಿಯನ್ನು ಶಿಕ್ಷಣಾಧಿಕಾರಿಗಳಿಗೆ ಒಪ್ಪಿಸತಕ್ಕದ್ದು. ನನ್ನ ಪಾಲಿಗೆ ನಾನೇ ಕೆಲಸ ಮಾಡಿದ ಶಾಲೆಯನ್ನು ಇಟ್ಟುಕೊಂಡಿದ್ದೇನೆ. ಕರತಾಡನ ಮಾಡಿದ ಮಹನೀಯರೆಲ್ಲರೂ ಬರಬೇಕು, ಬರುವಾಗ ಒಂದು ಲೇಖನಿಯನ್ನೂ ತರಬೇಕು.