ಮೇಳದಲ್ಲಿ ಪಾಠವೂ ಇರಲಿ

ಪ್ರತಿವರ್ಷ ಶಾಲಾ ಮೇಳಗಳ ಕಾಲ ಬಂತೆಂದರೆ ನಮ್ಮ ಕಾಸರಗೋಡಿನ ಶಾಲೆಗಳಲ್ಲಿ ಒಂದು ಬಗೆಯ ಗಡಿಬಿಡಿ. ವಿಜ್ಞಾನ, ಗಣಿತ, ಸಮಾಜ ವಿಜ್ಞಾನ, ಐ.ಟಿ. ಮೇಳಗಳ ಜೊತೆಯಲ್ಲಿ ವೃತ್ತಿ ಪರಿಚಯ ಮೇಳವೂ ನಡೆಯುತ್ತದೆ. ಮೊದಲು ಉಪಜಿಲ್ಲೆ, ಅಲ್ಲಿ ಗೆದ್ದವರಿಗೆ ಜಿಲ್ಲೆ, ಅಲ್ಲಿಯೂ ಗೆದ್ದವರಿಗೆ ರಾಜ್ಯಮಟ್ಟ. ಕೈಗೆಲಸದ ಈ ಮೇಳಕ್ಕೆ ಮಕ್ಕಳನ್ನು ಕರೆದೊಯ್ಯುವ ನಾವು ಕೆಲವರು ಬಹುದಿನಗಳಿಂದ ನಮ್ಮನಮ್ಮೊಳಗೆ ಆಡಿಕೊಳ್ಳುತ್ತಿದ್ದ ಒಂದು ಮಾತನ್ನು ಈ ವರ್ಷದ ಸಂಚಿಕೆಯಲ್ಲಿ ವಾಚಕರ ಮುಂದಿಡಲು ಬಯಸುತ್ತೇವೆ. ಮಾತು ಚಿಕ್ಕದು. ನಮ್ಮ ಮೇಳದಲ್ಲಿ ಸ್ಪರ್ಧೆ ಇದೆ, ಪಾಠ ಇಲ್ಲ. ಪಾಠವೂ ಇರಬೇಕು.

ಮೇಳವನ್ನು ನೋಡದವರಿಗಾಗಿ ಸ್ವಲ್ಪ ವಿವರಿಸುವುದು ಅಗತ್ಯ. ಯಾವುದಾದರೊಂದು ಶಾಲೆಯ ಕೋಣೆಗಳಲ್ಲಿಯೂ ಜಗಲಿಗಳಲ್ಲಿಯೂ ಮಕ್ಕಳು ತಮ್ಮ ತಮ್ಮ ಸಾಮಗ್ರಿಗಳೊಡನೆ ಸಾಲಾಗಿ ಕುಳಿತಿರುತ್ತಾರೆ. ಒಂದು ಕಡೆ ಕೊಡೆ ಕಟ್ಟುವವರು. ಎಂಟು ಕಡ್ಡಿಗೆ ಎಂಟು ತುಂಡು ಬಟ್ಟೆ ಕತ್ತರಿಸಿ, ಹೊಲಿದು, ತುದಿಗಳಿಗೆ ಸಿಕ್ಕಿಸುತ್ತಿರುತ್ತಾರೆ. ಮತ್ತೊಂದು ಕಡೆ ತೆಂಗಿನ ಗೆರಟೆಯನ್ನು ಉಜ್ಜಿ ಉಜ್ಜಿ ಕನ್ನಡಿಯಂತೆ ಹೊಳೆಯಿಸುವವರು. ನಾರಿನಿಂದ ಕಾಲೊರೆಸುವ ಚಾಪೆ ಮಾಡುವವರು, ಜೇಡಿಮಣ್ಣಿನಲ್ಲಿ ಮೂರ್ತಿ ಮಾಡುವವರು, ಓಲೆ ಹೆಣೆಯುವವರು, ಪುಸ್ತಕಕ್ಕೆ ರಟ್ಟು ಕಟ್ಟುವವರು, ಕಸೂತಿ ಹಾಕುವವರು, ಬಿದಿರು ಸೀಳುವವರು, ಊದುಬತ್ತಿ ಹೊಸೆಯುವವರು, ಅಚ್ಚಿನಲ್ಲಿ ಸೀಮೆಸುಣ್ಣ ಎರೆಯುವವರು ಎಲ್ಲರನ್ನೂ ನಾವು ಈ ಮೇಳಗಳಲ್ಲಿ ಕಂಡಿದ್ದೇವೆ. ಸ್ಪರ್ಧೆಗಳ ಪಟ್ಟಿ ಆಗಾಗ ಪರಿಷ್ಕರಣೆಯಾಗುತ್ತಿರುತ್ತದೆ. ಒಂದು ಹೋಗಿ ಇನ್ನೊಂದು ಬರುತ್ತದೆ. ಆದರೆ ಕ್ರಮ ಅದೇ. ಮನೆಯಿಂದ ಮಾಡಿ ತಂದದ್ದಕ್ಕೆ ಬೆಲೆಯಿಲ್ಲ. ಮೂರು ಗಂಟೆಗಳೊಳಗೆ, ಎಲ್ಲರ ಕಣ್ಣೆದುರಿನಲ್ಲಿ, ತನ್ನ ಕೈಯಿಂದಲೇ ಮಾಡಬೇಕು.

ಈ ಕ್ರಮ ಬಹಳ ಒಳ್ಳೆಯದೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಕೈಗೆ ಸುಳ್ಳು ಹೇಳಲು ಬರುವುದಿಲ್ಲ. ಅದಲ್ಲದೆ ಕನ್ನಡ ಮಾಧ್ಯಮದ ನಮ್ಮ ಮಕ್ಕಳಿಗೆ ಇಲ್ಲಿ ಇನ್ನೊಂದು ಸಮಾಧಾನವೂ ಇದೆ. ಬೇರೆ ಸ್ಪರ್ಧೆಗಳಲ್ಲಿ ತೀರ್ಪುಗಾರರು ಮಲಯಾಳದಲ್ಲಿ ಪ್ರಶ್ನೆ ಕೇಳಿದಾಗ ಉತ್ತರ ಗೊತ್ತಿದ್ದೂ ತಡವರಿಸುವ ಹುಡುಗ, ಇಲ್ಲಿ ಯಾರ ಮುಖವನ್ನೂ ನೋಡದೆ ತನ್ನ ಬಿದಿರನ್ನು ಸೀಳುತ್ತ ಕುಳಿತಿರಬಹುದು. ತರಗತಿಯಲ್ಲಿ ಹಿಂದಿನ ಬೆಂಚಿನಿಂದ ಎಂದೂ ಮೇಲೇಳದ ಮಗು ಇಲ್ಲಿ ಎ ಗ್ರೇಡ್ ಪಡೆದು ಬಂದುದನ್ನು ನಾವು ಒಂದಲ್ಲ, ಹಲವು ಸಲ ಕಂಡಿದ್ದೇವೆ. ಆದುದರಿಂದ ಮೇಳ ಬೇಡವೆಂದು ನಾವು ಹೇಳುತ್ತೇವೆಂದು ಯಾರೂ ಭಾವಿಸಬಾರದು.

ನಮ್ಮ ತಕರಾರು ಮೂರು ಗಂಟೆ ಮುಗಿದ ನಂತರದ ವಿಷಯದಲ್ಲಿ. ಗಂಟೆ ಬಾರಿಸಿತು. ಮಕ್ಕಳು ಮಾಡಿದ ವಸ್ತುಗಳನ್ನು ಬಿಟ್ಟು ಹೊರಗೆ ಬಂದರು. ತೀರ್ಪುಗಾರರು ನೋಡಿ ಅಂಕ ಹಾಕಿದರು. ಸಂಜೆ ಫಲಿತಾಂಶದ ಕಾಗದ ಗೋಡೆಯ ಮೇಲೆ ಬಂತು. ವಸ್ತುಗಳು ಗೋಣಿಚೀಲಕ್ಕೆ, ಚೀಲ ಜೀಪಿಗೆ. ಅಲ್ಲಿಗೆ ಆ ವರ್ಷದ ವೃತ್ತಿ ಪರಿಚಯ ಮುಗಿಯಿತು! ಮೂರು ಗಂಟೆ ಕಾಲ ಮಗ್ಗುಲಲ್ಲೇ ಕುಳಿತು ಕೊಡೆ ಕಟ್ಟಿದ ಹುಡುಗಿಯಿಂದ ಗೆರಟೆಯ ಹುಡುಗ ಏನನ್ನೂ ಕಲಿಯಲಿಲ್ಲ. ತನಗೇಕೆ ಬಿ ಗ್ರೇಡ್ ಬಂತು, ಹಿಡಿ ಸಡಿಲವಾಯಿತೇ, ಅಂಚು ವಕ್ರವಾಯಿತೇ, ಅದನ್ನು ಅವನಿಗೆ ಹೇಳುವವರೂ ಇಲ್ಲ. ಒಂದು ಸ್ಪರ್ಧೆಗೆ ಒಂದು ಶಾಲೆಯಿಂದ ಒಂದೇ ಮಗು ಹೋಗುವುದರಿಂದ, ಮೊದಲೇ ಕೈಗುಣ ಇರುವ ಒಬ್ಬನನ್ನು ಆರಿಸಿ ತಯಾರು ಮಾಡುವುದೇ ಶಾಲೆಗಳ ಕೆಲಸವಾಗಿದೆ. ರಾಜ್ಯಮಟ್ಟದಲ್ಲಿ ಗೆದ್ದವರಿಗೆ ಗ್ರೇಸ್ ಮಾರ್ಕ್ ಎಂಬ ಆಸೆ ಬೇರೆ. ತರಗತಿಯ ಉಳಿದ ಮೂವತ್ತು ನಲ್ವತ್ತು ಮಕ್ಕಳು ಆ ದಿನ ಚಪ್ಪಾಳೆ ತಟ್ಟುವುದಕ್ಕೆ ಮಾತ್ರ. ವೇಳಾಪಟ್ಟಿಯಲ್ಲಿ ಬರೆದಿರುವ ಕೈಗೆಲಸದ ಪಿರಿಯಡ್ ಪರೀಕ್ಷೆ ಹತ್ತಿರವಾದಂತೆ ಯಾವ ವಿಷಯಕ್ಕೆ ಸಲ್ಲುತ್ತದೆಂಬುದನ್ನು ವಾಚಕರಾದ ವಿದ್ಯಾರ್ಥಿಗಳೇ ಬಲ್ಲರು.

ಈ ವಿಷಯವನ್ನು ಶಾಲೆಯೊಳಗೆ ತಂದವರ ಆಶಯ ಇದಾಗಿರಲಿಲ್ಲ. 1937ರ ಅಕ್ಟೋಬರದಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ವಾರ್ಧಾದಲ್ಲಿ ನಡೆದ ಶಿಕ್ಷಣ ಸಮ್ಮೇಳನ ಎರಡು ಮಾತುಗಳನ್ನು ಒಟ್ಟಿಗೇ ಹೇಳಿತು: ಪಾಠ ಮಾತೃಭಾಷೆಯಲ್ಲಿ ಆಗಬೇಕು, ಮತ್ತು ಅದು ಮಗುವಿನ ಪರಿಸರದಿಂದ ಆರಿಸಿದ ಒಂದು ಕೈಕಸುಬಿನ ಸುತ್ತ ಹೆಣೆದಿರಬೇಕು. ಜಾಕೀರ್ ಹುಸೇನರ ಸಮಿತಿ ಅದಕ್ಕೆ ಪಾಠಕ್ರಮ ರಚಿಸಿಕೊಟ್ಟಿತು. 1966ರಲ್ಲಿ ವರದಿ ಒಪ್ಪಿಸಿದ ಕೊಠಾರಿ ಆಯೋಗ ಕಾರ್ಯಾನುಭವ ಎಲ್ಲ ಶಿಕ್ಷಣದ ಅವಿಭಾಜ್ಯ ಅಂಗವಾಗಬೇಕೆಂದಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಅದನ್ನೇ ಸಮಾಜೋಪಯೋಗಿ ಉತ್ಪಾದಕ ಕೆಲಸವೆಂದು ಕರೆಯಿತು. ಹೆಸರು ಬದಲಾಯಿತು. ಎಲ್ಲ ಮಕ್ಕಳೂ ಕಲಿಯಬೇಕೆಂಬ ಮಾತು ಮಾತ್ರ ಯಾವ ಹೆಸರಿನಲ್ಲಿಯೂ ಬದಲಾಗಲಿಲ್ಲ. ವಾರ್ಧಾದ ಆ ಎರಡು ಮಾತುಗಳಲ್ಲಿ ಮೊದಲನೆಯದಕ್ಕಾಗಿ, ಅಂದರೆ ಮಾತೃಭಾಷೆಗಾಗಿ, ಗಡಿನಾಡಿನ ನಾವು 1956ರಿಂದಲೂ ಮನವಿ ಬರೆಯುತ್ತಲೇ ಇದ್ದೇವೆ. ಎರಡನೆಯದಕ್ಕಾಗಿ ಯಾರೂ ಮನವಿ ಬರೆದುದನ್ನು ನಾವು ಕಾಣೆವು.

ಹಾಗಾದರೆ ಕೈಗೆಲಸದ ಸಮ್ಮೇಳನ ಬೇರೆ ರೀತಿಯಲ್ಲಿ ನಡೆಯುವುದು ಸಾಧ್ಯವೇ? ಸಾಧ್ಯ ಎನ್ನುವುದಕ್ಕೆ ದೂರದ ಒಂದು ಉದಾಹರಣೆ ಕೊಡುತ್ತೇವೆ. ಅಮೆರಿಕದಲ್ಲಿ ಸ್ಕ್ರ್ಯಾಪ್ ಬುಕ್ ಮಾಡುವ ಹವ್ಯಾಸ ಬಹಳ ಹಳೆಯದು. ಸ್ಕ್ರ್ಯಾಪ್ ಎಂದರೆ ಚೂರುಪಾರು. ಪತ್ರಿಕೆಯ ತುಣುಕು, ಟಿಕೇಟು, ಒಣಗಿದ ಹೂವು, ಮನೆಯವರ ಚಿತ್ರ ಮುಂತಾದುವನ್ನು ಅಂಟಿಸಿ, ಪಕ್ಕದಲ್ಲಿ ನಾಲ್ಕು ಸಾಲು ಬರೆದು ಇಡುವ ಪುಸ್ತಕ. ಪ್ರಸಿದ್ಧ ಲೇಖಕ ಮಾರ್ಕ್ ಟ್ವೈನ್ 1873ರಲ್ಲಿ, ಮೊದಲೇ ಅಂಟು ಸವರಿದ್ದು ನೀರು ತಾಗಿಸಿದರೆ ಸಾಕಾಗುವ ಹಾಳೆಗಳುಳ್ಳ ಸ್ಕ್ರ್ಯಾಪ್ ಬುಕ್ಕಿಗೆ ಪೇಟೆಂಟ್ ಪಡೆದಿದ್ದ. ಆಮೇಲೆ 1980ರಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ ನಡೆದ ವಂಶಾವಳಿ ದಾಖಲೆಗಳ ವಿಶ್ವ ಸಮ್ಮೇಳನದಲ್ಲಿ ಮೇರಿಲೆನ್ ಕ್ರಿಸ್ಟೆನ್ಸನ್ ಎಂಬ ಗೃಹಿಣಿ ತಮ್ಮ ಕುಟುಂಬದ ಐವತ್ತಕ್ಕೂ ಹೆಚ್ಚು ಸ್ಕ್ರ್ಯಾಪ್ ಬುಕ್ಕುಗಳನ್ನು ಪ್ರದರ್ಶನಕ್ಕಿಟ್ಟರು. ಈ ಹವ್ಯಾಸ ಹೊಸದಾಗಿ ಹಬ್ಬಲು ಅದು ಕಾರಣವಾಯಿತೆನ್ನುತ್ತಾರೆ. ಈಗ ಅಲ್ಲಿ ಇದಕ್ಕೆಂದೇ ಎರಡು ಮೂರು ದಿನಗಳ ಸಮ್ಮೇಳನಗಳು ನಡೆಯುತ್ತವೆ. ಅಲ್ಲಿಗೆ ಹೋಗುವವರು ತರಗತಿಗಳಿಗೆ ಹೆಸರು ಕೊಟ್ಟು ಹೋಗುತ್ತಾರೆ. ಒಂದು ತರಗತಿಯಲ್ಲಿ ಪುಟ ಹೊಂದಿಸುವ ಬಗೆ, ಇನ್ನೊಂದರಲ್ಲಿ ಕಾಗದ ಮಡಚುವ ಬಗೆ. ಕಲಿಸುವವರು ಮುಂದೆ ನಿಂತು ಮಾಡಿ ತೋರಿಸುತ್ತಾರೆ. ಕಲಿಯುವವರು ಅಲ್ಲೇ ಮಾಡಿ, ಮಾಡಿದ್ದನ್ನು ಮನೆಗೆ ಒಯ್ಯುತ್ತಾರೆ. ರಾತ್ರಿ ದೊಡ್ಡ ಹಾಲಿನಲ್ಲಿ ಉದ್ದನೆಯ ಮೇಜುಗಳ ಸುತ್ತ ಕುಳಿತು, ಹರಟುತ್ತ, ಒಬ್ಬರ ಕತ್ತರಿ ಇನ್ನೊಬ್ಬರು ಎರವಲು ಪಡೆಯುತ್ತ ಕೆಲಸ ಮುಂದುವರಿಸುತ್ತಾರೆ. ಚಿತ್ರದ ಅಂಚು ಕತ್ತರಿಸುವುದಕ್ಕಿರುವ ಹೆಸರಿನಿಂದಲೇ ಅಂಥ ಕೂಟಕ್ಕೆ ಕ್ರಾಪ್ ಎಂಬ ಹೆಸರು ಬಂದಿದೆ.

ಅಲ್ಲಿಯದೆಲ್ಲ ಚಿನ್ನವೆಂದು ನಾವು ಹೇಳುವುದಿಲ್ಲ. ಆ ಸಮ್ಮೇಳನಗಳಲ್ಲಿ ತರಗತಿಗಿಂತ ಅಂಗಡಿ ದೊಡ್ಡದು. ಬಣ್ಣದ ಕಾಗದ, ಅಂಟುಚಿತ್ರ, ಅಚ್ಚು, ಲೇಸು ಎಂದು ಚೂರುಪಾರಿನ ಪುಸ್ತಕಕ್ಕೆ ಹೊಸ ಚೂರುಗಳನ್ನು ಹಣ ಕೊಟ್ಟು ಕೊಳ್ಳುವ ವಿಚಿತ್ರ ಅದು. ಈ ರೋಗ ನಮ್ಮಲ್ಲಿಗೂ ಬಾರದೆ ಇಲ್ಲ. ಪೇಟೆಯಲ್ಲಿ ತಯಾರಾಗಿ ಸಿಗುವ ಮಣಿ, ಜರಿ, ಪ್ಲಾಸ್ಟಿಕ್ ಹೂಗಳನ್ನು ಪೊಟ್ಟಣದಿಂದ ಬಿಚ್ಚಿ ಜೋಡಿಸುವುದನ್ನೇ ಕೈಗೆಲಸವೆಂದು ತಿಳಿಯುವ ಶಾಲೆಗಳಿವೆ. ಅದನ್ನು ಬಿಡೋಣ. ಒಬ್ಬರ ಪಕ್ಕದಲ್ಲಿ ಒಬ್ಬರು ಕುಳಿತು ಕಲಿತು, ಕಲಿತದ್ದನ್ನು ಮನೆಗೆ ಒಯ್ಯುವ ಆ ಒಂದು ಅಂಶವನ್ನಷ್ಟೇ ನಾವು ಮೆಚ್ಚಿದ್ದು.

ನಮ್ಮ ಸೂಚನೆ ಇಷ್ಟು. ಉಪಜಿಲ್ಲಾ ಮೇಳದ ದಿನ, ಸ್ಪರ್ಧೆಯಾದ ಬಳಿಕ ಫಲಿತಾಂಶಕ್ಕಾಗಿ ಕಾಯುವ ಎರಡು ಗಂಟೆಗಳಿವೆಯಲ್ಲ, ಆ ಹೊತ್ತಿನಲ್ಲಿ ಅದೇ ಕೋಣೆಗಳಲ್ಲಿ ತರಗತಿ ನಡೆಯಲಿ. ಕೊಡೆ ಕಟ್ಟಿದವಳು ಬೇಕೆಂದವರಿಗೆ ಕೊಡೆಯ ಬಟ್ಟೆ ಕತ್ತರಿಸುವ ಲೆಕ್ಕ ಹೇಳಿಕೊಡಲಿ. ತೀರ್ಪುಗಾರರು ಅರ್ಧ ಗಂಟೆಯಾದರೂ ಮಕ್ಕಳ ನಡುವೆ ನಿಂತು, ಇದು ಏಕೆ ಚೆನ್ನಾಗಿದೆ, ಇದು ಎಲ್ಲಿ ತಪ್ಪಿತು ಎಂದು ವಸ್ತುವನ್ನು ಕೈಯಲ್ಲಿ ಹಿಡಿದು ಹೇಳಲಿ. ಕನ್ನಡದ ಮಕ್ಕಳಿರುವಲ್ಲಿ ಕನ್ನಡದಲ್ಲಿಯೂ ಹೇಳಲಿ.

ಮುಖ್ಯವಾದುದು ಇನ್ನು ಮುಂದಿದೆ. ಪ್ರತಿ ಮೇಳಕ್ಕೆ ಊರಿನ ನಾಲ್ಕಾರು ಕಸುಬುದಾರರನ್ನು ಗುರುಗಳನ್ನಾಗಿ ಕರೆಯಬೇಕು. ನಮ್ಮ ಸುತ್ತಮುತ್ತ ಯಾರಿಲ್ಲ? ಬಿದ್ದ ಅಡಿಕೆ ಹಾಳೆಯನ್ನು ನೀರಿನಲ್ಲಿ ನೆನೆಸಿ, ಮಡಚಿ, ಹೊಲಿದು ಮುಟ್ಟಾಳೆ ಮಾಡುವ ಹಿರಿಯರು ಇನ್ನೂ ಇದ್ದಾರೆ. ತಲೆಗೆ ಹೊರೆಯ ಭಾರ ತಾಗದಂತೆ, ಬಿಸಿಲು ತಟ್ಟದಂತೆ ಮಾಡುವ ಆ ಟೊಪ್ಪಿಯಲ್ಲಿ ಎಷ್ಟು ಬುದ್ಧಿವಂತಿಕೆ ಇದೆಯೆಂಬುದನ್ನು ಒಮ್ಮೆ ಬಿಚ್ಚಿ ಮತ್ತೆ ಮಡಚಲು ಹೊರಟವರು ಬಲ್ಲರು. ಮುಂಡೇವಿನ ಎಲೆಯ ಮುಳ್ಳು ಸೀಳಿ ತೆಗೆದು, ಒಣಗಿಸಿ, ಎಳೆ ಮಾಡಿ ಚಾಪೆ ಹೆಣೆಯುವ ಅಜ್ಜಿಯಂದಿರಿದ್ದಾರೆ. ಮಡಲು ಹೆಣೆಯುವುದು, ಹಿಡಿಸೂಡಿ ಕಟ್ಟುವುದು ನಮ್ಮ ಹಿಂದಿನ ತಲೆಮಾರಿನ ಯಾರಿಗೂ ಕಲಿಸಬೇಕಾಗಿರಲಿಲ್ಲ. ಇಂದಿನ ಹತ್ತನೆಯ ತರಗತಿಯಲ್ಲಿ ಎಷ್ಟು ಮಂದಿಗೆ ಬರುತ್ತದೆಂದು ಕೇಳಿ ನೋಡಿ. ಮಂಜೇಶ್ವರ, ಕಾಸರಗೋಡು ಕಡೆಗಳಲ್ಲಿ ಕೊರಗ ಸಮುದಾಯದವರು ಕಾಡಿನ ಬಳ್ಳಿಯಿಂದಲೂ ಬಿದಿರಿನಿಂದಲೂ ಹೆಣೆಯುವ ಬುಟ್ಟಿಗಳಿಗೆ ಸಮನಾದುದನ್ನು ಮೇಳದಲ್ಲಿ ನಾವು ಕಂಡಿಲ್ಲ. ಆದರೆ ಮೇಳದ ಬಾಗಿಲಿನೊಳಗೆ ಅವರನ್ನು ಯಾರೂ ಕರೆದಿಲ್ಲ. ಬುಟ್ಟಿಯನ್ನು ಚೌಕಾಸಿ ಮಾಡಿ ಕೊಂಡ ಸಮಾಜ, ಹೆಣೆದವರನ್ನು ಅಂಗಳದಲ್ಲೇ ನಿಲ್ಲಿಸಿತು. ಅವರು ಕುರ್ಚಿಯಲ್ಲಿ ಕುಳಿತು ಕಲಿಸುವಂತಾಗಬೇಕು. ಮಕ್ಕಳು ಅವರನ್ನು ಗುರುಗಳೆಂದೇ ಕರೆಯಬೇಕು. ತೀರ್ಪುಗಾರರಿಗೆ ಸಲ್ಲುವಷ್ಟೇ ಸಂಭಾವನೆ ಅವರಿಗೂ ಸಲ್ಲಬೇಕು. ಒಂದು ಶಾಲು, ಒಂದು ಹಣ್ಣಿನ ಬುಟ್ಟಿ ಕೊಟ್ಟು ಕಳುಹಿಸುವ ಸನ್ಮಾನವನ್ನು ನಾವು ಒಪ್ಪುವುದಿಲ್ಲ.

ಇದಕ್ಕೆ ಆಕ್ಷೇಪಗಳು ಬರುವುವೆಂದು ಬಲ್ಲೆವು. ಸಮಯವೆಲ್ಲಿ ಎನ್ನುವವರಿಗೆ, ಸಂಜೆಯವರೆಗೆ ಮೈದಾನದಲ್ಲಿ ಸುಮ್ಮನೆ ನಿಂತಿರುವ ಮಕ್ಕಳನ್ನು ತೋರಿಸಿದರೆ ಸಾಕು. ಒಳನಾಡಿನ ಶಾಲೆಯವರಿಗೆ ಕೊನೆಯ ಬಸ್ಸಿನ ಚಿಂತೆ ಇರುವುದು ನಿಜ. ಅದಕ್ಕಾಗಿ ತರಗತಿಯನ್ನು ಮೇಳದ ಮರುದಿನ ಪಂಚಾಯತಿಗೊಂದು ಶಾಲೆಯಲ್ಲಿ ಇಟ್ಟುಕೊಳ್ಳಬಹುದು. ಈ ಕಸುಬುಗಳಿಂದ ಇಂದು ಹೊಟ್ಟೆ ತುಂಬುವುದೇ ಎಂದು ಕೇಳುವ ಹೆತ್ತವರೂ ಇದ್ದಾರೆ. ತುಂಬದಿರಬಹುದು. ಆದರೆ ತ್ರಿಕೋನದ ಪಾಠ ಕಲಿತ ಮಗು ಅದರಿಂದ ಹೊಟ್ಟೆ ಹೊರೆಯುವುದೆಂದು ನಾವು ಯಾರೂ ಕೇಳುವುದಿಲ್ಲವಷ್ಟೆ. ಎಂಟು ಕಡ್ಡಿಯ ಕೊಡೆಯಲ್ಲಿ ತ್ರಿಕೋನವೂ ಇದೆ, ಮಳೆಯಿಂದ ರಕ್ಷಣೆಯೂ ಇದೆ.

ಕಲಿತದ್ದು ಮರೆತುಹೋಗಬಾರದಲ್ಲ! ಸ್ಕ್ರ್ಯಾಪ್ ಬುಕ್ಕಿನ ನಿಜವಾದ ಉಪಯೋಗ ನಮಗೆ ಕಾಣುವುದು ಇಲ್ಲಿ. ತರಗತಿಗೊಂದು ಅಂಟಿಸುವ ಪುಸ್ತಕ ಇರಲಿ. ಎಡಪುಟದಲ್ಲಿ ಕೆಲಸದ ಮಾದರಿ: ಚಾಪೆಯ ನಾಲ್ಕು ಎಳೆಯ ಹೆಣಿಗೆ, ಬಳ್ಳಿಯ ಒಂದು ಸುತ್ತು, ಕೊಡೆಯ ಬಟ್ಟೆಯ ಅಳತೆಗೆ ಕತ್ತರಿಸಿದ ಕಾಗದ. ಬಲಪುಟದಲ್ಲಿ ಕಲಿಸಿದವರ ಹೆಸರು, ಮಾಡುವ ಕ್ರಮ, ಮತ್ತು ಆ ಕಸುಬಿನ ಮಾತುಗಳು. ಸಪ್ತಭಾಷೆಗಳ ನಾಡೆಂದು ನಾವು ಭಾಷಣದಲ್ಲಿ ಹೇಳಿಕೊಳ್ಳುತ್ತೇವೆ. ಒಂದೇ ಬುಟ್ಟಿಗೆ ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ ಮನೆಗಳಲ್ಲಿ ಏನೇನು ಹೆಸರೆಂದು ಬರೆದಿಟ್ಟ ಪುಸ್ತಕ ಎಷ್ಟು ಶಾಲೆಗಳಲ್ಲಿದೆ? ಅಜ್ಜಿಯ ಕೈ ನಿಂತ ದಿನ ಆ ಮಾತುಗಳೂ ನಿಲ್ಲುತ್ತವೆ. ಅವು ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲ.

ಪುಸ್ತಕಕ್ಕೆ ಪೇಟೆಯ ಆಲ್ಬಮ್ ಬೇಕಿಲ್ಲ. ರಟ್ಟು ಕಟ್ಟಲು ಕಲಿತ ಮಕ್ಕಳೇ ಹೊಲಿದುಕೊಡಬಲ್ಲರು. ಸೆಲೋಟೇಪು ಮಾತ್ರ ಬೇಡ, ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಕಲೆ ಬಿಟ್ಟು ಕಳಚುತ್ತದೆ. ಮೈದಾದ ಅಂಟು ಕಾಯಿಸಿಕೊಳ್ಳಬಹುದು. ಅದಕ್ಕೆ ಒಂದು ಚಿಟಿಕೆ ಮೈಲುತುತ್ತು ಬೆರೆಸಿದರೆ ಹುಳ ಬರುವುದಿಲ್ಲವೆಂದು ಹಳೆಯ ರಟ್ಟುಗಾರರು ಬಲ್ಲರು. ಕೊಳೆರೋಗಕ್ಕೆ ಅಡಿಕೆಗೆ ಮದ್ದು ಬಿಡುವ ಮನೆಗಳಲ್ಲಿ ಮೈಲುತುತ್ತಿಗೆ ಬರವಿಲ್ಲ. ಆದರೆ ಅದು ವಿಷ. ಬೆರೆಸುವ ಕೆಲಸ ದೊಡ್ಡವರದು, ಆಮೇಲೆ ಕೈ ತೊಳೆಯಲೇಬೇಕು. ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಪುಸ್ತಕವನ್ನು ವಾರಕ್ಕೊಮ್ಮೆ ಬಿಡಿಸಿ ಗಾಳಿಗಿಡಬೇಕು. ಮೊದಲ ಪುಟಕ್ಕೆ ಒಂದು ತುಂಡು ಅಡಿಕೆ ಹಾಳೆ ಇರಲಿ. ಅದು ದಪ್ಪ, ಅಂಟು ಹಿಡಿಯದು. ನೆನೆಸಿ ಚಪ್ಪಟೆ ಮಾಡಿ, ಒಣಗಿಸಿ, ನಾಲ್ಕು ಮೂಲೆಗೂ ನೂಲಿನಿಂದ ಹೊಲಿಯಬೇಕು.