ನೂರು ಮೊಳದ ಮುಂಡಾಸು

ತರುಣನೊಬ್ಬ ಬಣ್ಣದ ಅಂಗಿ ತೊಟ್ಟು ಕಿವಿಗೆ ಒಂಟಿಯಿಟ್ಟರೆ, ‘ಗಂಡಸಿಗೇಕೆ ಶೃಂಗಾರ?’ ಎಂದು ಆಕ್ಷೇಪಿಸುವ ಹಿರಿಯರು ನಮ್ಮ ಕೋಲಾರ, ಮಾಲೂರುಗಳ ಕಡೆ ಇಂದಿಗೂ ಇದ್ದಾರೆ. ಸರಳತೆಯೇ ನಮ್ಮ ಗಂಡಸರ ಪರಂಪರೆಯೆಂಬುದು ಅವರ ವಾದ. ಅದನ್ನು ನಾನು ಒಪ್ಪಲಾರೆ.

ಮುಳಬಾಗಿಲು ಒಂದು ಕಾಲಕ್ಕೆ ವಿಜಯನಗರದ ಪ್ರಾಂತವೊಂದರ ಮುಖ್ಯ ಪಟ್ಟಣ. ಆ ಕಾಲದ ಉಡುಪನ್ನು ಕಾಣಬಯಸುವವರು ಲೇಪಾಕ್ಷಿಯ ಗುಡಿಯಲ್ಲಿ ಕತ್ತೆತ್ತಿ ನೋಡಲಿ. 16ನೆಯ ಶತಮಾನದ ಆ ಚಿತ್ರಗಳಲ್ಲಿ ಎತ್ತರದ ಕುಲ್ಲಾಯಿ ಧರಿಸಿದ ಗಂಡಸರ ಬೆಡಗು ಹೆಂಗಸರ ಸೀರೆಗಳ ಬೆಡಗಿಗೆ ಸೋಲುವುದಿಲ್ಲ. ಕುಲ್ಲಾಯಿ, ಕಬಾಯಿ ಎಂಬ ಹೆಸರುಗಳೇ ಅವು ಪಾರಸಿ, ಅರಬ್ಬಿಗಳ ಕಡೆಯಿಂದ ಬಂದವೆಂದು ಸಾರುತ್ತವೆ.

ಇನ್ನು ಹೈದರಾಲಿ. ಹುಟ್ಟಿದ್ದು ಬಂಗಾರಪೇಟೆಯ ಬಳಿಯ ಬೂದಿಕೋಟೆಯಲ್ಲಿ. ತಂದೆ ಫತೆ ಮಹಮ್ಮದ್ ಸಿರಾದ ಸೇವೆಯಲ್ಲಿದ್ದು ಯುದ್ಧದಲ್ಲಿ ಮಡಿದ ಮೇಲೆ, ಸಾಲದ ನೆಪದಿಂದ ದೊಡ್ಡಬಳ್ಳಾಪುರದ ಜಹಗೀರುದಾರನು ಆ ಸಂಸಾರದ ಸರ್ವಸ್ವವನ್ನೂ ಕಿತ್ತುಕೊಂಡನು. ಅಂತಹ ಹುಡುಗ 1761ರಲ್ಲಿ ಮೈಸೂರಿನ ಅಧಿಕಾರ ಹಿಡಿದನು. ಅವನ ಕಡುಗೆಂಪು ಮುಂಡಾಸಿಗೆ ನೂರು ಮೊಳ ನಯವಾದ ಬಟ್ಟೆ ಹಿಡಿಯುತ್ತಿತ್ತೆಂಬ ಮಾತನ್ನು ಆಂಗ್ಲ ಚರಿತ್ರೆಕಾರರು ಬರೆದಿಟ್ಟಿದ್ದಾರೆ. ಗಡ್ಡಮೀಸೆಗಳನ್ನು ಬೋಳಿಸಿದ ಮುಖ. ಅದರ ಮೇಲೆ ಆ ಕೆಂಪು ಗೋಪುರ! ವಿಶೇಷ ದಿನಗಳಲ್ಲಿ ಸೊಗಸಾಗಿ ಉಟ್ಟುತೊಟ್ಟ ಸಾವಿರ ಮಂದಿ ಭರ್ಜಿಯವರ ಪರಿವಾರ. ಮುಂದೆ ಅವನ ಸಾಹಸಗಳನ್ನು ಕನ್ನಡದಲ್ಲಿಯೇ ಹಾಡುವ ಭಟ್ಟರು. ಇದನ್ನು ಬರಿಯ ಷೋಕಿಯೆನ್ನಲು ನನಗೆ ಮನಸ್ಸು ಬಾರದು. ಎಲ್ಲವನ್ನೂ ಕಳೆದುಕೊಂಡಿದ್ದವನು, ವಂಶದ ಹಿರಿಮೆಯಿಂದ ಬಾರದುದನ್ನು ತಲೆಯ ಮೇಲೆ ಸುತ್ತಿಕೊಂಡು ತೋರಿಸುತ್ತಿದ್ದನೆಂದೇ ನನ್ನ ಭಾವನೆ.

1799ರ ಬಳಿಕ ದಿವಾನ್ ಪೂರ್ಣಯ್ಯನವರ ಕಾಲ. ಪಾಪನಪಲ್ಲಿಯೆಂಬ ಊರಿಗೆ ಮಗನ ಹೆಸರಿನಿಂದ ಶ್ರೀನಿವಾಸಪುರವೆಂದು ಹೆಸರಾದುದು ಅವರಿಂದಲೇ. ಮೈಸೂರು ಆಸ್ಥಾನದ ಜರಿಪೇಟ ಮುಂದೆ ದೊಡ್ಡಮನುಷ್ಯರ ಗುರುತಾಯಿತು. ಈಗ ಸಭೆಗಳಲ್ಲಿ ಸಿದ್ಧ ಟೋಪಿಯಂತೆ ತಂದು ಕೂರಿಸುತ್ತಾರೆ. ಇರಲಿ.

ಆದರೆ ಈ ವೈಭವದ ಇನ್ನೊಂದು ಮಗ್ಗುಲನ್ನು ನಮ್ಮ ಪರಂಪರಾವಾದಿಗಳು ಮರೆಯುತ್ತಾರೆ. ಗೌಡ, ಶಾನುಭೋಗರ ಮುಂದೆ ಮುಂಡಾಸು ಬಿಚ್ಚಿ, ಎಕ್ಕಡ ಕಳಚಿ ನಿಲ್ಲಬೇಕಾಗಿದ್ದ ಜನ ಇದೇ ಹಳ್ಳಿಗಳಲ್ಲಿದ್ದರು. ಅವರಿಗೆ ಸರಳತೆ ಗುಣವಾಗಿರಲಿಲ್ಲ, ಅಪ್ಪಣೆಯಾಗಿತ್ತು. ಇಂದು ಅವರ ಮೊಮ್ಮಕ್ಕಳು ಬಣ್ಣದ ಅಂಗಿ ತೊಟ್ಟು ಬಸ್ಸಿಳಿದಾಗ ಕೇಳಿಬರುವ ಆಕ್ಷೇಪಣೆ ಅಂಗಿಯನ್ನು ಕುರಿತದ್ದೋ, ತೊಟ್ಟವನನ್ನು ಕುರಿತದ್ದೋ?

ಫತೆ ಮಹಮ್ಮದನ ಗೋರಿ ಕೋಲಾರದಲ್ಲಿದೆ. ಅಲ್ಲಿಗೆ ವಿದ್ಯಾರ್ಥಿಗಳನ್ನು ಕರೆದೊಯ್ಯುವ ಉಪಾಧ್ಯಾಯರು ಯುದ್ಧಗಳ ಇಸವಿಗಳೊಡನೆ ಮುಂಡಾಸು ಸುತ್ತಿದವನ ಕಥೆಯನ್ನೂ, ಬಿಚ್ಚಬೇಕಾಗಿದ್ದವರ ಕಥೆಯನ್ನೂ ಹೇಳಲಿ.